ಮನೆಯ ಪರದೆಗೆ ಬಂದ ವಿಠಲಾಚಾರ್ಯರ ಕತ್ತಿಕಾಳಗ

ಸಾಹಿತ್ಯ ಸಂಶೋಧನೆಯ ಸಂಚಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವು ಅಧ್ಯಾಪಕ ಬಂಧುಗಳು ಹುಬ್ಬೇರಿಸಬಹುದು. ನಾವಿಲ್ಲಿ ಪರೀಕ್ಷಿಸಹೊರಟಿರುವುದು ಸಿನಿಮಾದ ಪ್ರತಿಯನ್ನು. ಓಲೆಗರಿಯ ಕಟ್ಟೊಂದು ಕೈಗೆ ಬಂದಾಗ ಸಂಪಾದಕನು ಕವಿಯ ಗುಣದೋಷಕ್ಕೆ ಮೊದಲು ಲಿಪಿಕಾರನ ಗುಣದೋಷವನ್ನು ನೋಡುತ್ತಾನೆ. ಎಲ್ಲಿ ಅಕ್ಷರ ಬಿಟ್ಟಿದೆ, ಎಲ್ಲಿ ಸಾಲು ಹಾರಿದೆ, ಎಲ್ಲಿ ಬೇರೆಯವರ ಕೈ ಸೇರಿದೆ ಎಂದು ಗುರುತುಹಾಕುತ್ತಾನೆ. ಬಿ. ವಿಠಲಾಚಾರ್ಯರ ಮಾಯಾಮಂತ್ರದ ಚಿತ್ರಗಳು ವಿ.ಸಿ.ಡಿ., ಡಿ.ವಿ.ಡಿ.ಗಳಾಗಿ ಮನೆಗೆ ಬಂದ ಬಗೆಯನ್ನು ಅದೇ ಕಣ್ಣಿನಿಂದ ನೋಡತಕ್ಕದ್ದು ಎಂಬುದು ನಮ್ಮ ಮತ.

ಈ ಚಿತ್ರಗಳಿಗೂ ನಮ್ಮ ಸೀಮೆಗೂ ಇರುವ ನಂಟು ಸಣ್ಣದಲ್ಲ. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು; ೨೦೧೪ರಿಂದ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಉರ್ದು ಎಂದು ಬಾಳಿದ ನಮ್ಮ ಜನ ಕಾಂತರಾಯರ ಕತ್ತಿಯ ಝಳಪಿಗೆ ತೆಲುಗಿನಲ್ಲೇ ಚಪ್ಪಾಳೆ ತಟ್ಟಿದರು. ‘ಕತ್ತಿ ಕಾಂತರಾಯ’ರೆಂದೇ ಹೆಸರಾದ ಆ ನಟರು ಕೋದಾಡದ ಬಳಿಯ ಗುಡಿಬಂಡದವರು, ಆದುದರಿಂದ ತೆಲಂಗಾಣದವರೇ. ಅವರ ಕೈಗೆ ಕತ್ತಿ ಕೊಟ್ಟು ‘ಜಯವಿಜಯ’ (೧೯೫೯) ತೆಗೆದ ವಿಠಲಾಚಾರ್ಯರೋ, ಉಡುಪಿಯ ಬಳಿಯ ಉದ್ಯಾವರದ ಕನ್ನಡಿಗರು. ಹಾಸನದ ಕಡೆ ಟೂರಿಂಗ್ ಟಾಕೀಸು ನಡೆಸಿ, ಮೈಸೂರಿನ ಮಹಾತ್ಮ ಪಿಕ್ಚರ್ಸಿನಲ್ಲಿ ಡಿ. ಶಂಕರಸಿಂಗರೊಡನೆ ದುಡಿದು, ಅನಂತರ ತೆಲುಗಿಗೆ ಹೋಗಿ ‘ಜಾನಪದ ಬ್ರಹ್ಮ’ ಎನಿಸಿಕೊಂಡವರು. ಕನ್ನಡಿಗನ ಕಲ್ಪನೆ, ತೆಲಂಗಾಣದವನ ತೋಳು. ಗಡಿನಾಡಿನ ಕೃತಿಯೆಂದು ಇದನ್ನಲ್ಲದೆ ಇನ್ನಾವುದನ್ನು ಕರೆಯೋಣ? ಆದರೆ ಸಂತೆಯಲ್ಲಿ ನಮಗೆ ಸಿಕ್ಕ ಸಿ.ಡಿ.ಯೊಂದರ ಹೊದಿಕೆಯ ಮೇಲೆ ನಾಯಕನ ಮುಖವಿದೆ, ಕತ್ತಿಯಿದೆ, ಬೆಂಕಿಯಿದೆ. ನಿರ್ದೇಶಕನ ಹೆಸರಿಲ್ಲ, ಚಿತ್ರ ತೆರೆಕಂಡ ವರ್ಷವೂ ಇಲ್ಲ. ಬಡ ಲಿಪಿಕಾರನೂ ಕಡೆಯ ಗರಿಯಲ್ಲಿ ಸಂವತ್ಸರ, ತಿಥಿ ಬರೆದು ಕೈಮುಗಿಯುತ್ತಿದ್ದನಲ್ಲವೆ?

ಇನ್ನು ಪಾಠದ ವಿಚಾರ. ಅಧ್ಯಾಪಕರಾದ ನಮಗೆ ಹೆಸರಿನಿಂದಲೇ ಕಚಗುಳಿಯಿಡುವ ‘ಗುರುವುನು ಮಿಂಚಿನ ಶಿಷ್ಯುಡು’ (೧೯೬೩) ಮುಂತಾದ ಚಿತ್ರಗಳ ಸಿ.ಡಿ. ನೋಡಿದವರು, ಓಟದ ಅವಧಿ ಕಡಿಮೆಯಾಗಿದೆ, ಮಾರಿದವರು ಕತ್ತರಿಸಿದ್ದಾರೆ ಎಂದು ದೂರುವುದುಂಟು. ಇಲ್ಲಿ ಆತುರ ಸಲ್ಲದು. ಚಿತ್ರಮಂದಿರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಓಡಿದರೆ, ನಮ್ಮ ದೇಶದ ದೂರದರ್ಶನದ ಪದ್ಧತಿಯಲ್ಲಿ ೨೫ ಓಡುತ್ತವೆ. ಹೀಗಾಗಿ ೧೫೦ ನಿಮಿಷದ ಚಿತ್ರ ಒಂದು ಚೂರೂ ಕಳೆದುಕೊಳ್ಳದೆ ೧೪೪ ನಿಮಿಷಕ್ಕೆ ಮುಗಿಯುತ್ತದೆ. ಹಾಡಿನ ಶ್ರುತಿಯೂ ಒಂದಿಷ್ಟು ಏರುತ್ತದೆ. ಇದು ಲೋಪವಲ್ಲ, ಅಳತೆಗೋಲಿನ ಭೇದ.

ನಿಜವಾದ ಲೋಪ ಬೇರೆಡೆಯಿದೆ. ಆ ಕಾಲದ ಚೌಕಟ್ಟು ಹೆಚ್ಚುಕಡಮೆ ನಾಲ್ಕಕ್ಕೆ ಮೂರರ ಪ್ರಮಾಣದ್ದು. ಇಂದಿನ ಅಗಲ ಪರದೆಯನ್ನು ತುಂಬಿಸಬೇಕೆಂಬ ಆಸೆಯಿಂದ ಮೇಲೆ ಕೆಳಗೆ ಕೊಯ್ದರೆ ಚಿತ್ರದ ಕಾಲುಭಾಗ ಹೋಯಿತು. ಮಾತಿನ ದೃಶ್ಯವಾದರೆ ಹೇಗೋ ಸಾಗೀತು. ಕತ್ತಿವರಸೆಯಲ್ಲಿ ಹಾಗಲ್ಲ. ನಮ್ಮ ಕಡೆಯ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡ ಯಾವ ಹಿರಿಯರನ್ನಾದರೂ ಕೇಳಿನೋಡಿ: ವರಸೆ ಇರುವುದು ಕಾಲಿನಲ್ಲಿ, ಕೈ ಆಮೇಲಿನದು ಎನ್ನುತ್ತಾರೆ. ಹಿಂದಿನ ಕಾಲು ಊರಿ ಮುಂದಿನ ಕಾಲು ಜಾರಿಸುವ ಆ ನಡೆಯನ್ನು ಕೊಯ್ದು ಎಸೆದ ಪ್ರತಿಯಲ್ಲಿ ಉಳಿಯುವುದು ತೋಳು ಬೀಸುವ ಇಬ್ಬರು ಮನುಷ್ಯರು ಮಾತ್ರ. ಹುಡುಗರು ನಕ್ಕರೆ ತಪ್ಪು ಯಾರದು?

ವಿ.ಸಿ.ಡಿ.ಯ ಕಷ್ಟ ಇನ್ನೊಂದು ಬಗೆಯದು. ಅದರಲ್ಲಿ ಅಡ್ಡಕ್ಕೆ ೩೫೨, ಉದ್ದಕ್ಕೆ ೨೮೮ ಚುಕ್ಕೆಗಳು; ಡಿ.ವಿ.ಡಿ.ಯಲ್ಲಿ ೭೨೦, ೫೭೬. ಲೆಕ್ಕಹಾಕಿದರೆ ನಾಲ್ಕು ಪಾಲಿನ ವ್ಯತ್ಯಾಸ. ಸುಮ್ಮನೆ ನಿಂತ ಮುಖ ಆ ಬಡತನದಲ್ಲೂ ತಿಳಿಯುತ್ತದೆ. ಕತ್ತಿ ಬೀಸಿದೊಡನೆ ಮಾತ್ರ ಅಂಚು ಚೌಕಚೌಕವಾಗಿ ಒಡೆದು ಅಲಗು ಯಾವುದು, ಗೋಡೆ ಯಾವುದು ತಿಳಿಯದಾಗುತ್ತದೆ. ಅಂದರೆ ಈ ಚಿತ್ರಗಳಲ್ಲಿ ನೋಡಬೇಕಾದ ಸಂಗತಿ ಯಾವುದೋ ಅದೇ ಮೊದಲು ಅಳಿಯುತ್ತದೆ!

ಮಾಯೆಯ ದೃಶ್ಯಗಳ ಪಾಡು ಇನ್ನೂ ಸೂಕ್ಷ್ಮ. ‘ಜಗನ್ಮೋಹಿನಿ’ (೧೯೭೮)ಯಲ್ಲಿ ಪಿಶಾಚಿಯು ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಇಟ್ಟು ಅಡುಗೆ ಮಾಡುವುದನ್ನು ಕಂಡವರು ಮರೆತಿಲ್ಲ. ಕಂಪ್ಯೂಟರಿನ ನೆರವಿಲ್ಲದ ಅಂದಿನ ಮಾಯೆಗಳು ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೆ ಒಡ್ಡುವುದು, ಕಪ್ಪು ಬಟ್ಟೆಯ ಮುಂದೆ ಕಪ್ಪು ದಾರ ಎಳೆಯುವುದು ಮೊದಲಾದ ಉಪಾಯಗಳನ್ನು ನೆಚ್ಚಿಕೊಂಡಿದ್ದವು. ಕತ್ತಲೆಯೇ ಅವರ ಬಂಡವಾಳ. ಪ್ರತಿ ತೆಗೆಯುವವನು ಚಿತ್ರ ‘ಚೊಕ್ಕಟ’ವಾಗಲೆಂದು ಬೆಳಕು ಏರಿಸಿದರೆ ಟೆಂಟಿನಲ್ಲಿ ಕುಳಿತವರಿಗೆ ಎಂದೂ ಕಾಣದ ದಾರ ಮನೆಯ ಪರದೆಯಲ್ಲಿ ಮಿನುಗುತ್ತದೆ. ಆಗ ‘ಆಚಾರ್ಯರ ದಾರ ಕಂಡಿತು’ ಎಂದು ಹಾಸ್ಯಮಾಡುವುದು ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ತಲೆಗೆ ಕಟ್ಟಿದಂತೆ. ಕಥೆಗಳು ಜಾಳು, ಹಾಸ್ಯ ಅಲ್ಲಲ್ಲಿ ಒರಟು, ಇದನ್ನು ನಾವೂ ಒಪ್ಪುತ್ತೇವೆ. ಆ ದೋಷ ಅವರದೇ. ದಾರ ಅವರದಲ್ಲ.

ಮಾರಾಟಗಾರರ ಪರವಾಗಿಯೂ ಒಂದು ಮಾತು ಹೇಳಬೇಕು. ೨೦೦೭ರಲ್ಲಿ ಮೋಸರ್ ಬೇರ್ ಸಂಸ್ಥೆ ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ಇಳಿಸಿದ ಮೇಲೆ ಹಳೆಯ ಚಿತ್ರಗಳು ಬಡವರ ಮನೆಗೂ ಬಂದವು. ಅದು ಉಪಕಾರವೇ. ೨೦೧೮ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಲು ಆಜ್ಞೆಯಾಯಿತು. ಈಗ ಅಂಗಡಿಗಳಲ್ಲಿ ಸಿ.ಡಿ.ಗಳೇ ಅಪರೂಪ. ಹಾಗೆಂದು ಈ ವಿಮರ್ಶೆಯ ಕಾಲ ಮೀರಿತೆನ್ನಲಾಗದು. ಮೊಬೈಲಿನಲ್ಲಿ ನಮ್ಮ ಮಕ್ಕಳು ನೋಡುವ ಹಳೆಯ ಚಿತ್ರಗಳಲ್ಲಿ ಹಲವು ಅದೇ ಸಿ.ಡಿ.ಗಳ ಮರುಪ್ರತಿ, ಕೊಯ್ದ ಕಾಲು ಅಲ್ಲಿಯೂ ಕೊಯ್ದೇ ಇದೆ. ಮೂಲ ನೆಗೆಟಿವ್ ಹಾಳಾದ ಕಡೆ ಇಂತಹ ಪ್ರತಿಯೇ ಮಾತೃಕೆಯಾಗಿಬಿಡುವ ಅಪಾಯವಿದೆ.

ಆದ್ದರಿಂದ ಶಾಲೆಯಲ್ಲಿ ತೋರಿಸಲು ಪ್ರತಿ ಆರಿಸುವವರಿಗೆ ನಮ್ಮ ಸಲಹೆ ಇಷ್ಟು. ಗೀರುಬಿದ್ದರೂ ಚಿಂತೆಯಿಲ್ಲ, ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ಇಡೀ ಚೌಕಟ್ಟನ್ನು ಉಳಿಸಿರುವ ಡಿ.ವಿ.ಡಿ.ಯೇ ಲೇಸು, ಥಳಥಳಿಸುವ ಅಗಲ ಪ್ರತಿಯನ್ನು ಬದಿಗಿಡಿ. ತೋರಿಸುವ ಮುನ್ನ ನಿರ್ದೇಶಕನ ಹೆಸರು, ಊರು, ವರ್ಷಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ತೆಲುಗು ‘ಜಗನ್ಮೋಹಿನಿ’ಯ ಮೂಲ ೧೯೫೧ರ ಕನ್ನಡ ‘ಜಗನ್ಮೋಹಿನಿ’. ಅದೂ ಮಹಾತ್ಮ ಪಿಕ್ಚರ್ಸಿನದೇ. ಎರಡನ್ನೂ ಅಕ್ಕಪಕ್ಕ ಇಟ್ಟು ಪಾಠಾಂತರ ನೋಡಬೇಕೆಂಬುದು ನಮ್ಮ ಬಹುದಿನದ ಆಸೆ. ಜಹೀರಾಬಾದಿನಿಂದ ತಾಂಡೂರಿನವರೆಗೆ ನಾವು ಅಲೆದ ಅಂಗಡಿಗಳಲ್ಲಿ ತೆಲುಗಿನದು ದೊರೆಯಿತು. ಕನ್ನಡದ್ದನ್ನು ಕೇಳಿದಾಗ ಅಂಗಡಿಯವರು ತೆಲುಗಿನದನ್ನೇ ಮತ್ತೆ ಕೈಗಿಟ್ಟರು.