ಅಂಚೆ ಗುಮಾಸ್ತರೊಬ್ಬರ ಸಿನಿಮಾ ಪ್ರಚಾರ

ನೋಡಲು ಸಿಗದ ಸಿನಿಮಾಗಳ ಬಗ್ಗೆ ವಿಮರ್ಶೆ ಬರೆಯುವುದು ಹೇಗೆ? ಅಮೆರಿಕದ ಲಿಂಕನ್ ಮೋಷನ್ ಪಿಕ್ಚರ್ ಕಂಪೆನಿಯ ವಿಷಯದಲ್ಲಿ ನಮಗೆ ಎದುರಾಗುವ ತೊಡಕು ಇದೇ. ಕಪ್ಪು ಜನರು ಕಪ್ಪು ಪ್ರೇಕ್ಷಕರಿಗಾಗಿ 1916ರಲ್ಲಿ ಕಟ್ಟಿದ ಈ ಕಂಪೆನಿಯ ಚಿತ್ರಗಳಲ್ಲಿ ಇಂದು ಉಳಿದಿರುವುದು 1921ರ 'ಬೈ ರೈಟ್ ಆಫ್ ಬರ್ತ್'ನ ಕೆಲವು ನಿಮಿಷಗಳ ತುಣುಕು ಮಾತ್ರ. ಆದರೆ ಪತ್ರಗಳು, ಜಾಹೀರಾತುಗಳು, ಪತ್ರಿಕಾ ತುಣುಕುಗಳು ಉಳಿದಿವೆ. ಕಾಪಾಡಿದವರು ಜಾರ್ಜ್ ಪಿ. ಜಾನ್ಸನ್.

ಜಾನ್ಸನ್ ಒಮಾಹಾ ನಗರದ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಂಪೆನಿ ಕಟ್ಟಿದ್ದು ಅವರ ಅಣ್ಣ, ನಟ ನೋಬಲ್ ಜಾನ್ಸನ್. ತಮ್ಮ ನೌಕರಿ ಬಿಡದೆ, ಉಳಿದ ವೇಳೆಯಲ್ಲಿ ಊರೂರಿನ ಚಿತ್ರಮಂದಿರಗಳಿಗೆ ಪತ್ರ ಬರೆದು ಚಿತ್ರಗಳನ್ನು ಗೊತ್ತುಮಾಡಿಸುತ್ತಿದ್ದರು, ಪ್ರಚಾರ ಸಾಮಗ್ರಿ ಕಳಿಸುತ್ತಿದ್ದರು. ಆ ಪ್ರೇಕ್ಷಕರಿಗೆ ಸಿನಿಮಾ ಆಗ ಏನು ಕೊಡುತ್ತಿತ್ತು ಎನ್ನುವುದಕ್ಕೆ 1915ರ 'ದ ಬರ್ತ್ ಆಫ್ ಎ ನೇಷನ್' ಒಂದೇ ಸಾಕು. ಕಪ್ಪು ಗಂಡಸನ್ನು ಕಾಮುಕನಂತೆಯೂ ಕು ಕ್ಲಕ್ಸ್ ಕ್ಲಾನನ್ನು ರಕ್ಷಕನಂತೆಯೂ ತೋರಿಸಿದ ಆ ಚಿತ್ರ ಶ್ವೇತಭವನದಲ್ಲೂ ಪ್ರದರ್ಶನ ಕಂಡಿತ್ತು. ಅದರ ಮರುವರ್ಷವೇ ಜಾನ್ಸನ್ ಸಹೋದರರು ಮಾರಲು ಹೊರಟದ್ದು ಮರ್ಯಾದೆಯನ್ನು. ತೆರೆಯ ಮೇಲೆ ನಿಮ್ಮನ್ನು ಯಾರೂ ಗೇಲಿ ಮಾಡುವುದಿಲ್ಲ ಎಂಬುದೇ ಅವರ ಸರಕು.

ಆ ಸರಕನ್ನು ನಾವು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ಚಿತ್ರ 'ದ ರಿಯಲೈಸೇಷನ್ ಆಫ್ ಎ ನೀಗ್ರೋಸ್ ಆಂಬಿಷನ್'ನಲ್ಲಿ ಟಸ್ಕೆಗೀಯಲ್ಲಿ ಓದಿದ ಯುವಕ ತೈಲ ಬಾವಿಗಳತ್ತ ಹೋಗುತ್ತಾನೆ. ಬಣ್ಣದ ಕಾರಣಕ್ಕೆ ಕೆಲಸ ಸಿಗುವುದಿಲ್ಲ. ಬಿಳಿಯ ಮಾಲೀಕನ ಮಗಳನ್ನು ಅಪಾಯದಿಂದ ಪಾರುಮಾಡಿದ ಮೇಲೆಯೇ ಸಿಗುತ್ತದೆ. ಸ್ವಾಭಿಮಾನದ ಕಥೆಯಲ್ಲೂ ಬಾಗಿಲು ತೆರೆಯುವುದು ಬಿಳಿಯರ ಕೃತಜ್ಞತೆಯೇ!

ಇದಕ್ಕಿಂತ ಹೆಚ್ಚು ಇರಿಸುಮುರಿಸಾಗುವ ಸಂಗತಿ ಇನ್ನೊಂದಿದೆ. 'ಚಿಕಾಗೋ ಡಿಫೆಂಡರ್' ಪತ್ರಿಕೆಯ ರಂಗಭೂಮಿ ಪುಟ ನೋಡಿಕೊಳ್ಳುತ್ತಿದ್ದ ಟೋನಿ ಲ್ಯಾಂಗ್‌ಸ್ಟನ್ ಅದೇ ಊರಿನಲ್ಲಿ ಲಿಂಕನ್ ಕಂಪೆನಿಯ ಏಜೆಂಟರೂ ಆಗಿದ್ದರು. ವಿಮರ್ಶೆ ಬರೆಯುವವರೇ ಚಿತ್ರದ ದಲ್ಲಾಳಿಯಾದರೆ ಓದುಗ ಯಾರನ್ನು ನಂಬಬೇಕು? 'ಸಮುದಾಯದ ಕೆಲಸ' ಎಂಬ ಸಮಜಾಯಿಷಿಯನ್ನು ನಾವು ಒಪ್ಪಲಾರೆವು. ಚಿತ್ರಗಳೇ ಕಳೆದುಹೋಗಿರುವಾಗ ಅಂದಿನ ಹೊಗಳಿಕೆಯಲ್ಲಿ ಎಷ್ಟು ಪಾಲು ಮೆಚ್ಚುಗೆ, ಎಷ್ಟು ಪಾಲು ವ್ಯಾಪಾರ ಎಂದು ಅಳೆಯುವ ದಾರಿಯೂ ನಮಗಿಲ್ಲ. ಆದರೆ ಬಿಳಿಯರ ಪತ್ರಿಕೆಗಳು ಈ ಚಿತ್ರಗಳತ್ತ ತಿರುಗಿಯೂ ನೋಡದಿದ್ದಾಗ ಜಾನ್ಸನ್‌ಗೆ ಬೇರೆ ಯಾವ ಪುಟ ಸಿಗುತ್ತಿತ್ತು ಎಂಬ ಪ್ರಶ್ನೆಯೂ ನಮ್ಮನ್ನು ಬಿಡುವುದಿಲ್ಲ.

ಅವರ ಪ್ರಚಾರ ಫಲ ಕೊಟ್ಟಿತು ಎನ್ನುವುದಕ್ಕೆ ಎದುರಾಳಿಯ ಭಯವೇ ಸಾಕ್ಷಿ. ನೋಬಲ್ ಯುನಿವರ್ಸಲ್ ಸ್ಟುಡಿಯೋದ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು. ಕಪ್ಪು ಜನರ ಬಡಾವಣೆಗಳಲ್ಲಿ ಅವರೇ ನಾಯಕರಾಗಿದ್ದ ಲಿಂಕನ್ ಚಿತ್ರಗಳು ಯುನಿವರ್ಸಲ್ ಚಿತ್ರಗಳಿಗೇ ಪೈಪೋಟಿ ಕೊಡತೊಡಗಿದವು. ಸ್ಟುಡಿಯೋ ಒತ್ತಡ ಹೇರಿತು. 1918ರಲ್ಲಿ ನೋಬಲ್ ತಾವೇ ಕಟ್ಟಿದ ಕಂಪೆನಿಯನ್ನು ಬಿಟ್ಟರು. ತೆರೆಯ ಮೇಲೆ ಆ ಮುಖಕ್ಕೆ ದೊಡ್ಡ ಪಾತ್ರ ಕೊಡಲು ಮನಸ್ಸಿಲ್ಲದವರಿಗೆ ಅದರ ಮಾರುಕಟ್ಟೆ ಬೆಲೆ ಮಾತ್ರ ಚೆನ್ನಾಗಿಯೇ ಗೊತ್ತಿತ್ತು.

ಅದೇ ವರ್ಷ ಜಾರ್ಜ್, ಆಸ್ಕರ್ ಮಿಶೋ ಅವರ 'ದ ಹೋಮ್‌ಸ್ಟೆಡರ್' ಕಾದಂಬರಿಯ ಹಕ್ಕು ಕೇಳಿದರು. ಚಿತ್ರೀಕರಣದಲ್ಲಿ ತನ್ನ ಕೈಯೂ ಇರಬೇಕೆಂದು ಮಿಶೋ ಪಟ್ಟು ಹಿಡಿದದ್ದರಿಂದ ಮಾತುಕತೆ ಮುರಿದುಬಿತ್ತು. 1919ರಲ್ಲಿ ಮಿಶೋ ತಾವೇ ಅದನ್ನು ಚಿತ್ರ ಮಾಡಿದರು. ಮಿಶೋರ ಪ್ರಚಾರದಲ್ಲಿ ಸಂಕೋಚವೆಂಬುದಿರಲಿಲ್ಲ. 1920ರ 'ವಿದಿನ್ ಅವರ್ ಗೇಟ್ಸ್' ಸೆನ್ಸಾರ್ ಜಗಳಕ್ಕೆ ಸಿಕ್ಕಿದಾಗ ಆ ಜಗಳವನ್ನೇ ಜಾಹೀರಾತಾಗಿಸಿಕೊಂಡರು. ಜಾನ್ಸನ್ ಅಚ್ಚುಕಟ್ಟಿನ ಮನುಷ್ಯ, ಹಾಗೆ ಮಾಡುವವರಲ್ಲ. ಚಿತ್ರ ಮಾರುವ ಕೆಲಸದಲ್ಲಿ ಮಿಶೋ ಮುಂದಿದ್ದರು ಎಂದೇ ನಮ್ಮ ಅನಿಸಿಕೆ.

1920ರ ದಶಕದ ಆರಂಭದಲ್ಲೇ ಲಿಂಕನ್ ಮುಚ್ಚಿತು. ಜಾರ್ಜ್ ಲಾಸ್ ಏಂಜಲೀಸ್‌ನಲ್ಲಿ ಪೆಸಿಫಿಕ್ ಕೋಸ್ಟ್ ನ್ಯೂಸ್ ಬ್ಯೂರೋ ನಡೆಸಿ ಕಪ್ಪು ಜನರ ಪತ್ರಿಕೆಗಳಿಗೆ ಸುದ್ದಿ ಕಳಿಸಿದರು, ಕಪ್ಪು ನಟರ ಕುರಿತ ತುಣುಕುಗಳನ್ನು ಕೂಡಿಡುತ್ತ ಹೋದರು. ಆ ಸಂಗ್ರಹ ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಗ್ರಂಥಾಲಯದಲ್ಲಿದೆ. ನೋಬಲ್ ಹಾಲಿವುಡ್‌ನಲ್ಲೇ ಉಳಿದರು. 1933ರ 'ಕಿಂಗ್ ಕಾಂಗ್'ನಲ್ಲಿ ದ್ವೀಪದ ಬುಡಕಟ್ಟಿನ ನಾಯಕನ ವೇಷ ಅವರದ್ದು.