ಒಂದು ಗುಡ್ಡ, ಎರಡು ಚೌಕಟ್ಟು

ಆನೆಗೊಂದಿ ಕಡೆಯ ಗುಡ್ಡಗಳ ಎರಡು ಕಪ್ಪು-ಬಿಳುಪು ಚಿತ್ರಗಳನ್ನು ಜೋಡಿಯಾಗಿ ತೂಗುಹಾಕಿದರೆ ‘ಇವೆರಡರಲ್ಲಿ ಯಾವುದು ಚೆಂದ?’ ಎಂದು ಕೇಳುವವರೇ ಹೆಚ್ಚು. ಜೋಡಿಚಿತ್ರದ ಮುಂದೆ ಕೇಳಬಾರದ ಪ್ರಶ್ನೆ ಇದು. ಎರಡೂ ಸೇರಿ ಒಂದೇ ಕೃತಿ. ಎರಡರಲ್ಲೂ ಬದಲಾಗದೆ ಉಳಿದದ್ದು ಯಾವುದು ಎಂಬುದನ್ನು ಮೊದಲು ಹುಡುಕಬೇಕು. ಒಂದಾದರೂ ಸ್ಥಿರವಾಗಿ ನಿಲ್ಲದಿದ್ದರೆ ಬದಲಾದದ್ದು ಅಳತೆಗೆ ಸಿಗದು. ತುಂಗಭದ್ರೆಯ ಆಚೆ ದಡದಲ್ಲೇ ಇದಕ್ಕೆ ಸಾಕ್ಷಿಯಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. 1983ರಲ್ಲಿ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಗ್ರೀನ್‌ಲಾ ಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಗಾಲಿಂಗ್ಸ್ ಕಾಲಕ್ಕೆ ಅದಿಲ್ಲ. ನಿಂತ ಜಾಗ ಒಂದೇ ಆದ್ದರಿಂದ ಆ ಇಲ್ಲದ ಶಿಖರ ಕಣ್ಣಿಗೆ ಬೀಳುತ್ತದೆ.

ಸ್ಥಿರ ಇರಬೇಕಾದದ್ದು ಜಾಗವೇ ಆಗಬೇಕೆಂದಿಲ್ಲ. ಕಲ್ಲೂ ಆಗಬಹುದು, ಬೆಳಕೂ ಆಗಬಹುದು. ಆನೆಗೊಂದಿ ಬಳಿಯ ಅಂಜನಾದ್ರಿ ಗುಡ್ಡದ ಬುಡದಲ್ಲಿ ಬಿಸಿಲು-ಮಳೆಗೆ ತಾನೇ ಸೀಳಿಕೊಂಡ ಬಂಡೆ ಎಡಕ್ಕೆ ಬರಲಿ. ಬಲಕ್ಕೆ ಹಿರೇಬೆಣಕಲ್ ಗುಡ್ಡದ ಮೇಲಿನ ಶಿಲಾಗೋರಿ: ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಅಲ್ಲೇ ಸೀಳಿ ನಿಲ್ಲಿಸಿದ ಚಪ್ಪಡಿ, ಅದರಲ್ಲಿ ಕೊರೆದ ದುಂಡು ಕಿಂಡಿ. ಬಿಸಿಲು ಎರಡಕ್ಕೂ ಒಂದೇ ಬದಿಯಿಂದ ಬೀಳಬೇಕು. ಆಗ ಎರಡು ಬಿರುಕುಗಳ ಅಂಚುಗಳು ತಮಗೆ ತಾವೇ ಹೋಲಿಕೆಗೆ ಬರುತ್ತವೆ. ಒಂದು ಬೆಳಗಿನದು, ಇನ್ನೊಂದು ನಡುಹಗಲಿನದು ಆದರೆ ನೋಡುಗರು ಹೋಲಿಸುವುದು ಬಿಸಿಲನ್ನು, ಕಲ್ಲನ್ನಲ್ಲ. ಜೋಡಿ ಯಾಕೆ, ಗುಡ್ಡವನ್ನು ಒಂದೇ ಅಗಲವಾದ ಪನೋರಮಾದಲ್ಲಿ ತೋರಿಸಬಾರದೇ ಎನ್ನುವವರಿದ್ದಾರೆ. ಪನೋರಮಾದಲ್ಲಿ ಕಣ್ಣು ಎಲ್ಲೂ ನಿಲ್ಲದೆ ಜಾರಿಹೋಗುತ್ತದೆ. ಜೋಡಿಯ ನಡುವಿನ ಬಿಳಿಪಟ್ಟಿ ಅದನ್ನು ತಡೆದು ಹಿಂದಕ್ಕೆ ಕಳಿಸುತ್ತದೆ.

ಗಂಗಾವತಿಯ ಹಸಿರು ಭತ್ತದ ಗದ್ದೆಗಳನ್ನು ಬೂದಿಬಣ್ಣಕ್ಕೆ ಇಳಿಸುವುದು ಅನ್ಯಾಯ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಕೆಂಪುಛಾಯೆಯ ಬಂಡೆ, ಹಸಿರು ಗದ್ದೆ ಕಣ್ಣಿಗೆ ಬೇರೆಬೇರೆ; ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದಿಯಾಗಿ ಬೆರೆತು ಗುಡ್ಡದ ಬುಡವೇ ಕಳೆದುಹೋಗಬಹುದು. ಆದರೆ ಕಲೆ ಶುರುವಾಗುವುದೇ ಇಲ್ಲಿ. ಕೆಂಪು ಫಿಲ್ಟರ್ ಹಾಕಿದರೆ ಬಂಡೆ ಬೆಳಗುತ್ತದೆ, ಗದ್ದೆಯೂ ಆಕಾಶವೂ ಕಪ್ಪಾಗುತ್ತವೆ. ಹಸಿರು ಫಿಲ್ಟರ್ ಹಾಕಿದರೆ ಗದ್ದೆ ಬೆಳಗಿ ಬಂಡೆ ಗಾಢವಾಗುತ್ತದೆ. 1927ರಲ್ಲಿ ಆನ್ಸೆಲ್ ಆಡಮ್ಸ್ ಅಮೆರಿಕದ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ, ಆಮೇಲೆ ಗಾಢ ಕೆಂಪು ಫಿಲ್ಟರ್‌ನಲ್ಲಿ ತೆಗೆದರು. ಆಕಾಶ ಕಪ್ಪಾದ ಎರಡನೆಯದೇ ಹೆಸರಾಯಿತು. ಗುಡ್ಡ ಒಂದೇ ಇದ್ದರೂ ಅದರ ಭಾರ ಬೇರೆಯಾಯಿತು. ಮೊಬೈಲ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ ನಡುಬೂದಿಯನ್ನೆಲ್ಲ ಅಳಿಸಿಹಾಕುವವರು ಈ ಆಯ್ಕೆಯನ್ನೇ ಕಳೆದುಕೊಳ್ಳುತ್ತಾರೆ. ಬಂಡೆಯ ಉಬ್ಬುತಗ್ಗು ಇರುವುದು ನಡುಬೂದಿಯಲ್ಲೇ.

ಯಲಬುರ್ಗಾದ ಎರೆಹೊಲ, ಕುಷ್ಟಗಿಯ ಕಲ್ಲುಕ್ವಾರಿಗಳಲ್ಲೂ ಇಂಥ ಜೋಡಿಗಳು ಸಿಗುತ್ತವೆ. ಆದರೆ ಹೊಸಬರು ಹಿರೇಬೆಣಕಲ್‌ನಿಂದಲೇ ಶುರುಮಾಡಲಿ. ಬಿಸಿಲು ಏರುವ ಮೊದಲೇ ಗುಡ್ಡ ಹತ್ತಿ, ನೀರು ಜೊತೆಗಿರಲಿ, ಚಪ್ಪಡಿಗಳ ಮೇಲೆ ಮಾತ್ರ ಕಾಲಿಡಬೇಡಿ.