ಕೆಜಿಎಫ್ ಸಿನಿಮಾದಲ್ಲಿ ಕಾಣದ ಕೆರೆ

'ಕೆಜಿಎಫ್' ಸಿನಿಮಾ ಬಂದು ಇಷ್ಟು ವರ್ಷ ಆದ್ಮೇಲೂ ವೀಕೆಂಡ್ ಬಂದ್ರೆ ಬೆಂಗಳೂರಿನ ಬೈಕುಗಳು ಆ ಕಡೆ ತಿರುಗುತ್ತವೆ. ಸೈನೈಡ್ ದಿಬ್ಬದ ಮುಂದೆ ಒಂದು ರೀಲ್, ಬಂಗಾರಪೇಟೆಯಲ್ಲಿ ಒಂದು ಪ್ಲೇಟ್ ಪಾನಿಪುರಿ, ವಾಪಸ್. ಮೊದಲ ಸಲ ನಾನೂ ಮಾಡಿದ್ದು ಅಷ್ಟೇ.

ಸಿನಿಮಾದ ಬಗ್ಗೆ ನನ್ನ ತಕರಾರು ರಕ್ತ, ಸುತ್ತಿಗೆಗಳದ್ದಲ್ಲ. ನರಾಚಿ ಕಲ್ಪನೆಯ ಗಣಿ, ಅಲ್ಲಿ ಇತಿಹಾಸ ಹುಡುಕಬಾರದು, ಒಪ್ಪಿದೆ. ಆದ್ರೆ ಕ್ಯಾಮೆರಾ ಆ ನೆಲವನ್ನ ಮಸಿ ಮತ್ತು ಧೂಳಲ್ಲಿ ಎಷ್ಟು ಚೆನ್ನಾಗಿ ಅದ್ದಿದೆ ಅಂದ್ರೆ, ಪಕ್ಕದಲ್ಲಿ ಒಂದು ಕೆರೆ ಇರಬಹುದು ಅಂತ ನಮಗೆ ಹೊಳೆಯೋದೇ ಇಲ್ಲ. ನಿಜವಾದ ಗಣಿ ಬದುಕಿದ್ದು ನೀರಿನಿಂದ. ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ ಕೆಜಿಎಫ್‌ಗೆ ನೀರು ಹೋಗ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ಕೆರೆ ಇದೆ.

ಎರಡನೇ ಸಲ ಬೈನಾಕ್ಯುಲರ್ ಹಿಡಿದು ಬೆಳಿಗ್ಗೆ ಆರೂವರೆಗೆ ಆ ಏರಿ ಮೇಲಿದ್ದೆ. ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಬಿಸಿಲು ಕಾಯಿಸ್ತಿದ್ವು. ನಾಮದ ಕೋಳಿ ಲೆಕ್ಕ ಹಾಕಿ ಹಾಕಿ ಬಿಟ್ಟೆ. ರಂಗನತಿಟ್ಟಿಗೆ ಸಲೀಂ ಅಲಿ ಬಂದ್ರು, 1940ರಲ್ಲೇ ಪಕ್ಷಿಧಾಮ ಆಯ್ತು. ಅಲ್ಲಿ ಟಿಕೆಟ್ ಇದೆ, ದೋಣಿ ಇದೆ. ಇಲ್ಲಿ ಬಟ್ಟೆ ಒಗೀತಿದ್ದ ಅಜ್ಜಿ ನನ್ನನ್ನೇ ನೋಡಿ, "ಏನಪ್ಪಾ, ಶೂಟಿಂಗಾ?" ಅಂದ್ರು. "ಇಲ್ಲ ಅಜ್ಜಿ, ಹಕ್ಕಿ ನೋಡೋಕೆ" ಅಂದೆ. ನಂಬಲಿಲ್ಲ.

ಸಿನಿಮಾ ತೆರೆಗೆ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಜೂನ್‌ನಲ್ಲಿ ಕೋಲಾರಕ್ಕೆ ಇನ್ನೊಂದೂ ಬಂದಿತ್ತು: ಕೆ.ಸಿ. ವ್ಯಾಲಿ ನೀರು. ಅಂದ್ರೆ ನಮ್ಮ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನ ಎರಡು ಹಂತ ಶುದ್ಧ ಮಾಡಿ ಪೈಪಲ್ಲಿ ಕಳಿಸಿದ್ದು. ಮೊದಲು ತುಂಬಿದ್ದು ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆ; ಕೆಜಿಎಫ್‌ಗೆ ಹೋಗೋ ಹೈವೇಯಿಂದ ಸ್ವಲ್ಪವೇ ಒಳಗೆ. ವರ್ಷಗಟ್ಟಲೆ ಬಣಗುಟ್ಟಿದ್ದ ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಆಮೇಲೆ ನೀರು ನಿಂತಿತು, ಬೋರ್‌ವೆಲ್‌ಗಳಲ್ಲೂ ನೀರು ಏರಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಅಲ್ಲಿನ ಹೋರಾಟಗಾರರು ಅವತ್ತಿಂದ ಕೇಳ್ತಾನೇ ಇದ್ದಾರೆ. ಆ ನೀರು ಇಂಗಿ ಹೋಗೋದು ಅವರು ಕುಡಿಯೋ ಬೋರ್‌ವೆಲ್‌ಗೇ ತಾನೆ?

ಚಿನ್ನ ತೆಗೆದು ಬೇರೆಯವರು ಒಯ್ದ ಊರಿನ ಕಥೆಗೆ ನಾವು ಥಿಯೇಟರಲ್ಲಿ ಸೀಟಿ ಹೊಡೆದ್ವಿ. ಬದಲಿಗೆ ನಾವು ಕಳಿಸ್ತಿರೋದೇನು ಅನ್ನೋ ಕಥೆಗೆ ಹೀರೋನೂ ಇಲ್ಲ, ಬಿಜಿಎಂ ಕೂಡ ಇಲ್ಲ. ವಾಪಸ್ ಬರ್ತಾ ಲಕ್ಷ್ಮೀಸಾಗರದ ಏರಿ ಹತ್ತಿದೆ. ಎರಡು ಹೆಜ್ಜಾರ್ಲೆ, ಒಂದು ಮಿಂಚುಳ್ಳಿ. ನೋಡಿ ಖುಷಿಯಾಯ್ತು. ಕೋರಮಂಗಲದ ಫ್ಲ್ಯಾಟಲ್ಲಿ ಬೆಳಿಗ್ಗೆ ಫ್ಲಶ್ ಮಾಡಿ ಹೊರಟವನು ನಾನೇ ಅನ್ನೋದು ನೆನಪಾಗಿದ್ದು ಆಮೇಲೆ.